ಜೀರುಂಡೆ ಟ್ರ್ಯಾಕ್

ಸೌಂದರ್ಯ ಫೋನ್ ಮಾಡಿದಾಗ ನಾನು ಅಂಗಡಿಯಲ್ಲಿ ಹಳೆಯ ಸ್ಪೀಕರ್ ಒಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದೆ. ಭದ್ರಾವತಿಯಲ್ಲಿ ನನ್ನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅವಳು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಓದಿದ ಹುಡುಗಿ, ಈಗ ತನ್ನ ಮೊದಲ ಸಿನಿಮಾ ಮಾಡುತ್ತಿದ್ದಾಳೆ. ಆ ಸಿನಿಮಾಕ್ಕೆ ಸಂಗೀತವನ್ನೂ ಶಬ್ದದ ಕೆಲಸವನ್ನೂ ಮಾಡುತ್ತಿರುವವನು ನನ್ನ ಗೆಳೆಯ ಪ್ರಸನ್ನಕುಮಾರ್.

"ಆನಂದ್ ಸರ್, ಅವರಿಗೆ ನೀವೇ ಹೇಳ್ಬೇಕು," ಅಂದಳು. "ಬಸ್ ಸ್ಟಾಪ್ ಸೀನಿಗೆ ಜೀರುಂಡೆ ಸೌಂಡ್ ಹಾಕಿದಾರೆ. ಕಿವಿ ಕೊರೆದು ಹೋಗುತ್ತೆ ಸರ್. ಪ್ರೊಡ್ಯೂಸರ್ ಎದ್ದು ಹೊರಗೆ ಹೋದ್ರು. ಕಮ್ಮಿ ಮಾಡಿ ಅಂದ್ರೆ, ಇರೋದೇ ಕಮ್ಮಿ ಅಂತ ನನ್ನ ಮೇಲೆ ರೇಗಿದ್ರು. ಸೋಮವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಎಲ್ಲಾ ಬೇರೆಯವರಿಗೆ ಕೊಡ್ತಾರಂತೆ. ಮ್ಯೂಸಿಕ್ಕೂ ಸೇರಿ."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆ ಸಂಗೀತಕ್ಕಾಗಿ ಪ್ರಸನ್ನ ಎಷ್ಟು ಕಾದಿದ್ದಾನೆಂದು ಪಾಪ ಆ ಹುಡುಗಿಗೇನು ಗೊತ್ತು?

ನಮ್ಮ ಬ್ಯಾಂಡ್ ಹುಟ್ಟಿದ್ದು ಇದೇ ಊರಿನ ನ್ಯೂ ಟೌನಿನಲ್ಲಿ, ನಮ್ಮ ಕ್ವಾರ್ಟರ್ಸಿನ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ. ನಮ್ಮಪ್ಪ ಉಕ್ಕಿನ ಕಾರ್ಖಾನೆಯ ನೌಕರ. ಪ್ರಸನ್ನ ಶಿವಮೊಗ್ಗದ ವಿದ್ಯಾನಗರದವನು, ಅನುಕೂಲಸ್ಥ ವ್ಯಾಪಾರಿ ಷಡಕ್ಷರಪ್ಪನವರ ಮಗ. ಗಿಟಾರನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ನನ್ನದು ಡ್ರಮ್ಸ್. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತಿದ್ದ ಪಕ್ಕದ ಮನೆಯ ಷಣ್ಮುಖಪ್ಪ ಶೆಡ್ಡಿನ ತಗಡು ಬಡಿದು, "ಥರ್ಡ್ ಶಿಫ್ಟ್ ಮಾಡಿ ಬಂದಿದೀನಿ ಕಣ್ರೋ, ನಿದ್ದೆ ಮಾಡಕ್ಕೆ ಬಿಡ್ರೋ" ಎಂದು ಕೂಗುತ್ತಿದ್ದರು. ನಾವು ಬ್ಯಾಂಡಿಗೆ ಥರ್ಡ್ ಶಿಫ್ಟ್ ಎಂದೇ ಹೆಸರಿಟ್ಟೆವು. ನಾಚಿಕೆಗೆಟ್ಟ ವಯಸ್ಸು ಅದು.

ಶೆಡ್ಡು ಎಷ್ಟು ಇಕ್ಕಟ್ಟೆಂದರೆ ನನ್ನ ಡ್ರಮ್ಮಿನ ಹಿತ್ತಾಳೆ ತಟ್ಟೆ ಪ್ರಸನ್ನನ ಕಿವಿಯಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ನಾನು ಅದನ್ನು ಜೀವ ಹೋಗುವ ಹಾಗೆ ಬಾರಿಸುತ್ತಿದ್ದೆ. ನಮ್ಮವ್ವ ಯಲ್ಲಮ್ಮನಿಗೆ ಮಾತ್ರ ಗಾಬರಿ. ಇಷ್ಟು ಬಡಿದರೆ ಕಿವಿಗೆ ಗಾಳಿ ಹೊಗುತ್ತದೆ ಎಂದು ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ನನ್ನ ಕಿವಿಗೆ ತುರುಕಿಯೇ ಕಳಿಸುವಳು. ಅದನ್ನು ನೋಡಿ ಪ್ರಸನ್ನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನಗೆ "ಬಾಣಂತಿ" ಎಂದು ಹೆಸರಿಟ್ಟ. ಕಾಲೇಜು ಕಾಲೇಜುಗಳ ಸ್ಟೇಜಿನ ಮೇಲೆ, "ಡ್ರಮ್ಸ್‌ನಲ್ಲಿ ನಮ್ಮ ಬಾಣಂತಿ!" ಎಂದು ಮೈಕಿನಲ್ಲಿ ಕೂಗುತ್ತಿದ್ದ. ಅವ್ವ ಅವನಿಗೂ ಹತ್ತಿ ಕೊಡುವಳು. ಅವನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಬ್ಯಾಂಡ್ ಒಡೆಯಿತು ಎನ್ನುವುದಕ್ಕಿಂತ ಸವೆಯಿತು ಎನ್ನಬೇಕು. ನಮ್ಮಲ್ಲಿ ಹಾಡುತ್ತಿದ್ದವನು ಮದುವೆಯಾದ, ನಾನು ಅಂಗಡಿ ಹಾಕಿದೆ. ಪ್ರಸನ್ನ ಒಬ್ಬನೇ ಬೆಂಗಳೂರಿಗೆ ಹೋಗಿ ಕಂಡ ಕಂಡ ಬ್ಯಾಂಡಿನಲ್ಲೆಲ್ಲ ನುಡಿಸಿದ. ಯಾರೋ ಒಬ್ಬರು ಧಾರಾವಾಹಿಗೆ ಹೆಜ್ಜೆ ಸಪ್ಪಳ ಮಾಡಿಕೊಡುತ್ತೀಯಾ ಎಂದು ಕೇಳಿದರಂತೆ. ಹೊಟ್ಟೆಪಾಡಿಗೆಂದು ಒಪ್ಪಿಕೊಂಡವನಿಗೆ ಅದರ ಹುಚ್ಚು ಹಿಡಿಯಿತು. ಬಾಗಿಲು, ಬಳೆ, ಮಳೆ, ಎಲ್ಲದರ ಶಬ್ದ ಹಿಡಿಯುತ್ತಾ ತಿರುಗಿದ. ಒಮ್ಮೆ ಭದ್ರಾವತಿಗೆ ಬಂದು ನಮ್ಮವ್ವ ರೊಟ್ಟಿ ತಟ್ಟುವುದನ್ನು ರೆಕಾರ್ಡ್ ಮಾಡಿಕೊಂಡ. "ಇದಕ್ಕೂ ಸಂಬಳ ಕೊಡ್ತಾರೇನಪ್ಪಾ?" ಎಂದು ಅವ್ವ ಕೇಳಿದ್ದಳು.

"ಗಿಟಾರ್ ಹಿಡ್ಕೊಂಡಾಗ ಎಲ್ರೂ ನನ್ನ ಕೇಳ್ಬೇಕು ಅಂತಿದ್ದೆ ಕಣೋ," ಎಂದು ಆವತ್ತು ಹೇಳಿದ್ದ. "ಈಗ ನಾನು ಎಲ್ಲಾನೂ ಕೇಳ್ತೀನಿ. ಇದೇ ಚೆನ್ನಾಗಿದೆ."

ಆದರೆ ಒಳಗೊಳಗೇ ಅವನಿಗೆ ಸಂಗೀತ ಮಾಡುವ ಆಸೆ. ವರ್ಷಗಟ್ಟಲೆ ಬೇರೆಯವರ ಹಾಡಿಗೆ ಶಬ್ದ ಹೊಂದಿಸಿದ. ಕೊನೆಗೆ ವಿದ್ಯಾನಗರದ ಮನೆಗೇ ಬಂದು ಮಹಡಿಯ ಮೇಲೆ ಸ್ಟುಡಿಯೋ ಮಾಡಿಕೊಂಡ. ಸಂಗೀತ ಎಂಬ ಪದದ ಮುಂದೆ ತನ್ನ ಹೆಸರು ಬರುವ ಮೊದಲ ಸಿನಿಮಾ ಸಿಕ್ಕಿದ್ದು ಈಗ, ತಲೆ ಅರ್ಧ ಬೆಳ್ಳಗಾದ ಮೇಲೆ.

ಸೌಂದರ್ಯ ಫೋನ್ ಮಾಡಿದ ಮರುದಿನ ಮಧ್ಯಾಹ್ನ ಅವನ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅವನ ಹೆಂಡತಿ ರಶ್ಮಿ.

"ಮೇಲಿದಾರೆ ಹೋಗಿ ಅಣ್ಣ. ಬೆಲ್ಲು ಅವರಿಗೆ ಕೇಳಿರಲ್ಲ. ಮಾತು ಕೇಳುತ್ತೆ, ಕುಕ್ಕರ್ ಥರ ಕೀಚಲು ಸದ್ದು ಮಾತ್ರ ಗೊತ್ತಾಗಲ್ಲ. ಏನ್ರೀ ಅಂದ್ರೆ, ಕೆಲಸದ ಧ್ಯಾನದಲ್ಲಿದ್ದೆ ಅಂತಾರೆ. ಡಾಕ್ಟರ ಹತ್ರ ಹೋಗೋಣ ಅಂದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ," ಎಂದಳು. ಅವಳ ಕಣ್ಣು ಕೆಂಪಾಗಿತ್ತು.

ಪ್ರಸನ್ನ ನನ್ನನ್ನು ನೋಡಿ ಕುಣಿದಾಡಿಬಿಟ್ಟ. "ಬಾರೋ ಬಾಣಂತಿ!" ಎಂದು ಕೂರಿಸಿ ಮೊದಲು ತನ್ನ ಹಾಡು ಕೇಳಿಸಿದ. ಮಾತಿಲ್ಲದ ರಾಗ ಅದು, ಗಿಟಾರು ಒಂದೇ. ಇಷ್ಟು ವರ್ಷ ಇದನ್ನೆಲ್ಲ ಎಲ್ಲಿಟ್ಟುಕೊಂಡಿದ್ದನೋ. ಆಮೇಲೆ ಬಸ್ ಸ್ಟಾಪಿನ ದೃಶ್ಯ ಹಾಕಿದ. ಪರದೆಯ ಮೇಲೆ ಒಬ್ಬ ಹೆಂಗಸು ಕೊನೆಯ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಜೀರುಂಡೆಗಳು ಶುರುವಾದವು. ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಅವನು ಅದನ್ನು ನೋಡಿದ.

"ನಿಂಗೂ ಫೋನ್ ಮಾಡಿದ್ಲಾ ಅವಳು?"

"ಕಮ್ಮಿ ಮಾಡು ಮಾರಾಯ. ತಡ್ಕೊಳಕ್ಕಾಗಲ್ಲ."

"ಇನ್ನೂ ಕಮ್ಮಿ ಮಾಡಿದ್ರೆ ಯಾರಿಗೆ ಕೇಳುತ್ತೋ?"

"ಎಲ್ಲರಿಗೂ ಕೇಳುತ್ತೆ. ನಿಂಗೆ ಕೇಳಲ್ಲ ಅಷ್ಟೇ."

ಹೇಳಿ ಮುಗಿಸುವ ಮೊದಲೇ ನಾಲಿಗೆ ಕಚ್ಚಿಕೊಂಡೆ. ಅವನ ಮುಖ ಕಪ್ಪಿಟ್ಟಿತು. ಎದ್ದು ಮೌಸನ್ನು ನನ್ನ ಮುಂದೆ ತಳ್ಳಿದ.

"ತಗೋ. ಜೀರುಂಡೆ ಟ್ರ್ಯಾಕ್ ಒಂದೇ ಹಾಕ್ಕೋ. ಎಷ್ಟು ಬೇಕೋ ಅಷ್ಟು ಇಳಿಸ್ಕೋ. ನಾನು ಆ ಕಡೆ ತಿರುಗಿ ಕೂರ್ತೀನಿ. ನೀನು ಆನ್ ಮಾಡು, ಆಫ್ ಮಾಡು. ಒಂದು ತಪ್ಪು ಹೇಳಿದ್ರೂ ಕೇಳು."

ಗೋಡೆಗೆ ಮುಖ ಮಾಡಿ ಕೂತ. ಬೀದಿ ಬದಿಯಲ್ಲಿ ಜೀರುಂಡೆ ನಿಜಕ್ಕೂ ಎಷ್ಟು ಕೂಗುತ್ತದೋ ಅಷ್ಟಕ್ಕೆ ಇಳಿಸಿದೆ. ಆಫ್ ಮಾಡಿ, ಮತ್ತೆ ಮೌಸ್ ಒತ್ತಿದೆ.

"ಆನ್," ಎಂದ. ಸರಿ.

ಮತ್ತೆ ಒತ್ತಿದೆ. "ನಿಂತೋಯ್ತು." ಅದೂ ಸರಿ. ಇನ್ನೊಮ್ಮೆ ಒತ್ತಿದಾಗಲೂ ತಡವರಿಸದೆ ಸರಿಯಾಗಿ ಹೇಳಿದ. ನನಗೆ ಎಷ್ಟು ಖುಷಿಯಾಯಿತೆಂದರೆ, ಸೌಂದರ್ಯಳಿಗೆ ಫೋನ್ ಮಾಡಿ ಚೆನ್ನಾಗಿ ಬೈಯಬೇಕು ಅಂದುಕೊಂಡೆ. ನನಗೇ ವಯಸ್ಸಾಗಿರಬೇಕು, ನನ್ನ ಕಿವಿಯೇ ಕೆಟ್ಟಿರಬೇಕು.

ಆಗ ಹೊಳೆಯಿತು. ಒತ್ತಿದಾಗಲೆಲ್ಲ ಮೌಸು ಟಿಕ್ ಎನ್ನುತ್ತಿತ್ತು. ಆನ್ ಆದ ಮೇಲೆ ಆಫ್, ಆಫ್ ಆದ ಮೇಲೆ ಆನ್. ಅವನು ಆ ಟಿಕ್ಕನ್ನು ಎಣಿಸುತ್ತಿದ್ದ. ಬೇಕೆಂದೇ ಮೋಸ ಮಾಡುತ್ತಿದ್ದನೆಂದು ನಾನು ಹೇಳಲಾರೆ. ಕೇಳಿಸುತ್ತಿದೆ ಎಂದೇ ನಂಬಿದ್ದನೋ ಏನೋ.

ಅಲ್ಲಿಗೇ ಬಿಟ್ಟು ಎದ್ದು ಬಂದುಬಿಡಬಹುದಿತ್ತು. ಸೋಮವಾರ ಬರುತ್ತಿತ್ತು, ಬೇರೆ ಯಾರೋ ಹೇಳುತ್ತಿದ್ದರು. ಜೀರುಂಡೆ ಕೂಗುತ್ತಲೇ ಇತ್ತು. ಟ್ರ್ಯಾಕನ್ನು ಮುಟ್ಟದೆ, ಪರದೆಯ ಖಾಲಿ ಜಾಗದ ಮೇಲೆ ಒತ್ತಿದೆ. ಟಿಕ್.

"ನಿಂತೋಯ್ತು," ಎಂದು ಪ್ರಸನ್ನ ನನ್ನ ಕಡೆ ತಿರುಗಿದ. ಲೆಕ್ಕವೆಲ್ಲ ಸರಿ ಬಂದ ಹುಡುಗನ ಹಾಗೆ ನಗುತ್ತಿದ್ದ. "ಎಲ್ಲಾ ಸರಿ ತಾನೇ?"

"ಇಲ್ಲ ಕಣೋ," ಎಂದೆ. "ಇನ್ನೂ ಕೂಗ್ತಾ ಇದೆ."

ಅವನು ಪರದೆ ನೋಡಿದ. ಶಬ್ದ ತೋರಿಸುವ ಹಸಿರು ಗೆರೆ ಮೇಲೆ ಕೆಳಗೆ ಓಡಾಡುತ್ತಿತ್ತು. ಹತ್ತಿರ ಬಂದು ಸ್ಪೀಕರಿಗೆ ಬಲಗಿವಿ ಇಟ್ಟ, ಆಮೇಲೆ ಎಡಗಿವಿ ಇಟ್ಟ. ಅಂಗೈಯನ್ನೂ ಇಟ್ಟು ನೋಡಿದ. ಅದನ್ನು ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

"ಸೌಂದರ್ಯಾಗೆ ಹೇಳು, ಸೌಂಡು ಬೇರೆಯವರೇ ಮಾಡ್ಲಿ," ಎಂದ ಕೊನೆಗೆ. "ಗಿಟಾರಿಂದು ಮಾತ್ರ ಇಟ್ಕೊಳ್ತಾರಾ ಅಂತ ಕೇಳು. ನಾನು ಕೇಳಿದ್ರೆ ಚೆನ್ನಾಗಿರಲ್ಲ."

"ಕೇಳ್ತೀನಿ."

"ಈಗ ಅದನ್ನ ಆಫ್ ಮಾಡು."

ಮಾಡಿದೆ. ಕೋಣೆ ತಣ್ಣಗಾಯಿತು.

"ಮಾಡಿದ್ಯಾ?"

"ಮಾಡ್ದೆ ಪ್ರಸನ್ನ."

ಅವನು ಎರಡೂ ಕಿವಿಗಳ ಮೇಲೆ ಅಂಗೈ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕೂತ. ನನಗೆ ಅಳು ತಡೆಯಲಾಗಲಿಲ್ಲ.

"ನನ್ನ ಕಿವಿಯೊಳಗೆ ಒಂದು ಕೂಗ್ತಾನೇ ಇರುತ್ತಲ್ಲೋ ಆನಂದ, ಹಗಲೂ ರಾತ್ರಿ," ಎಂದ. "ಇಷ್ಟು ದಿನ ಅದೇ ಜೀರುಂಡೆ ಅಂದ್ಕೊಂಡಿದ್ದೆ."