ಇದು ಹೊಳೆಯಲ್ಲ, ಉಸಿರಾಡ್ರೀ!

ಈಜು ಬಾರದವರನ್ನು ಸಮುದ್ರಕ್ಕೆ ಕರೆದೊಯ್ಯುವುದು ಸುಲಭ. ಹೇಳಿದ ಮಾತು ಕೇಳುತ್ತಾರೆ. ಕಷ್ಟವೆಲ್ಲ ಹೊಳೆಯಲ್ಲಿ ಈಜಿ ಬೆಳೆದ ಗಂಡಸರದ್ದು. ಅವರಿಗೆ ನೀರಿನ ವಿಷಯದಲ್ಲಿ ಬುದ್ಧಿ ಹೇಳಲು ಹೋಗಿ ನೋಡಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ!

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಮುರುಗೇಶಪ್ಪನವರೂ ಇಂಥವರೇ. ಹುಟ್ಟಿದ್ದು ಹೊಳೆಹೊನ್ನೂರು, ಈಜು ಕಲಿತದ್ದು ಭದ್ರಾ ಹೊಳೆಯಲ್ಲಿ. ಮದುವೆಯಾದ ಹೊಸತರಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ಜಯಶೀಲಾ ಅವರ ಕಿವಿಯೋಲೆ ಹೊಳೆಗೆ ಬಿದ್ದಿತ್ತು. ಅತ್ತೆ ಏನನ್ನುತ್ತಾರೋ ಎಂದು ಅವರು ಅಳುತ್ತಾ ನಿಂತಿದ್ದಾಗ, ಮುರುಗೇಶಪ್ಪ ಎದೆ ತುಂಬಾ ಗಾಳಿ ಎಳೆದುಕೊಂಡು ಮುಳುಗಿದವರು ಓಲೆ ಹಿಡಿದುಕೊಂಡೇ ಎದ್ದರು. ಆ ದಿನ ಗಂಡನ ಮೇಲೆ ಹುಟ್ಟಿದ ಅಕ್ಕರೆ ಜಯಶೀಲಾ ಅವರಲ್ಲಿ ಇವತ್ತಿಗೂ ಕಡಿಮೆಯಾಗಿಲ್ಲ.

ಈಗ ಇಬ್ಬರೂ ಅಂಡಮಾನಿಗೆ ಹೊರಟಿದ್ದರು. ಸ್ಕೂಬಾ ಡೈವಿಂಗ್ ಮಾಡಬೇಕೆಂಬುದು ಜಯಶೀಲಾ ಅವರ ಆಸೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಅದರ ಕೊಳವೆಯನ್ನು ಬಾಯಲ್ಲಿ ಕಚ್ಚಿಕೊಂಡು, ತರಬೇತುದಾರರ ಜೊತೆ ಸಮುದ್ರದೊಳಗೆ ಇಳಿದು ಮೀನು ನೋಡುವುದು! ಗಂಡಸರೆಲ್ಲ ಹೊಳೆಗೆ ಹಾರುತ್ತಿದ್ದಾಗ ಒಗೆಯುವ ಕಲ್ಲಿನ ಪಕ್ಕದಲ್ಲೇ ಅವರ ಹರೆಯ ಕಳೆದಿತ್ತು. ನೀರಿನ ಒಳಗೆ ಏನಿದೆ ಅಂತ ಒಮ್ಮೆಯಾದರೂ ನೋಡಬೇಕು, ಅದೂ ಗಂಡನ ಕೈ ಹಿಡಿದುಕೊಂಡು.

ಹೊರಡುವ ವಾರ ಭದ್ರಾವತಿಯಿಂದ ಮುರುಗೇಶಪ್ಪನವರ ಅಣ್ಣನ ಮಗಳು ಸ್ಫೂರ್ತಿ ಬಂದಳು. ಅವಳು ಈಜು ಕಲಿಸುವ ಟೀಚರು. ಸ್ಕೂಬಾದಲ್ಲೂ ತರಬೇತಿ ಪಡೆದವಳು. ಬಂದು ನೋಡುತ್ತಾಳೆ, ಹಿತ್ತಲಲ್ಲಿ ಅಂಗಡಿಯ ದೊಡ್ಡ ಕೊಪ್ಪರಿಗೆ. ಅದರ ತುಂಬಾ ನೀರು. ನೀರೊಳಗೆ ಚಿಕ್ಕಪ್ಪನ ತಲೆ! ಪಕ್ಕದಲ್ಲಿ ಟವೆಲ್ ಹಿಡಿದುಕೊಂಡು ಚಿಕ್ಕಮ್ಮ.

“ಅಯ್ಯಯ್ಯೋ, ಏನ್ ಚಿಕ್ಕಮ್ಮ ಇದು?”

“ಪ್ರಾಕ್ಟೀಸ್ ಅಂತೆ ಕಣೇ! ಬೆಳಿಗ್ಗೆ ಸಾಯಂಕಾಲ ಇದೇ ಕೆಲಸ. ನಂಗೆ ಜೀವ ಬಾಯಿಗೆ ಬರುತ್ತೆ.”

ಮುರುಗೇಶಪ್ಪ ನೀರು ಸುರಿಸುತ್ತಾ ತಲೆ ಎತ್ತಿದರು. “ನೋಡಿದ್ಯಾ ಸ್ಫೂರ್ತಿ? ದಮ್ಮು ಇನ್ನೂ ಹಾಗೇ ಇದೆ! ಆ ಸಿಲಿಂಡರ್ ಕೈ ಕೊಟ್ರೂ ಉಸಿರು ಬಿಗಿ ಹಿಡ್ಕೊಂಡು ಮೇಲೆ ಬರ್ತೀನಿ.”

“ಚಿಕ್ಕಪ್ಪ, ಅದನ್ನು ಮಾತ್ರ ಮಾಡಬೇಡಿ! ಸ್ಕೂಬಾದಲ್ಲಿ ಉಸಿರು ಬಿಗಿ ಹಿಡಿದು ಮೇಲೆ ಬಂದ್ರೆ ಶ್ವಾಸಕೋಶ ಹರಿದುಹೋಗಬಹುದು. ಜೀವಕ್ಕೇ ಅಪಾಯ.”

“ಹೋಗೇ ಮಾರಾಯ್ತಿ! ಭದ್ರಾ ಹೊಳೇಲಿ ಮುಳುಗಿ ಎದ್ದಾಗ ಏನೂ ಹರೀಲಿಲ್ಲ. ನಿಂಗೆ ಸೈಕಲ್ ಕಲಿಸಿದ್ದೇ ನಾನು, ನಂಗೇ ಪಾಠ ಹೇಳ್ತೀಯ?”

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಆದರೆ ‘ಜೀವಕ್ಕೇ ಅಪಾಯ’ ಎಂಬ ಮಾತು ಜಯಶೀಲಾ ಅವರ ಎದೆಗೆ ನಾಟಿತ್ತು. ಟವೆಲನ್ನು ಗಂಡನ ಕೈಗೆ ಕೊಟ್ಟು ಹೇಳಿದರು, “ಟಿಕೆಟ್ ಕ್ಯಾನ್ಸಲ್ ಮಾಡಿಬಿಡ್ರೀ. ನಂಗೆ ಮೀನೂ ಬೇಡ, ಸಮುದ್ರಾನೂ ಬೇಡ. ನೀವು ಬೇಕು.”

ಮುರುಗೇಶಪ್ಪನವರ ಮುಖ ಸಪ್ಪಗಾಯಿತು. ಒದ್ದೆ ತಲೆಯಲ್ಲೇ ಕಟ್ಟೆಯ ಮೇಲೆ ಕೂತರು. “ಸರಿ, ಹೇಳಮ್ಮ ಟೀಚರು. ಹೊಳೇಲಿ ಆಗದ್ದು ಅಲ್ಲಿ ಯಾಕಾಗುತ್ತೆ?”

“ಹೋದ ವರ್ಷ ಮುಳ್ಳಯ್ಯನಗಿರಿಗೆ ಹೋಗಿದ್ವಲ್ಲ ಚಿಕ್ಕಪ್ಪ, ಇಲ್ಲಿಂದ ತಗೊಂಡು ಹೋದ ಚಿಪ್ಸ್ ಪ್ಯಾಕೆಟ್ ಬೆಟ್ಟದ ಮೇಲೆ ಏನಾಗಿತ್ತು?”

“ಉಬ್ಬಿ ದಿಂಬಾಗಿತ್ತು! ಒಡೆದೇ ಹೋಗುತ್ತೆ ಅಂತ ನಿಮ್ಮ ಚಿಕ್ಕಮ್ಮ ಕಿವಿ ಮುಚ್ಕೊಂಡಿದ್ಲು.”

“ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತೆ. ನೀರಲ್ಲಿ ಇದು ಇನ್ನೂ ಜಾಸ್ತಿ. ಹೊಳೇಲಿ ನೀವು ದಡದ ಗಾಳಿ ತಗೊಂಡು ಮುಳುಗ್ತಿದ್ರಿ. ಮೇಲೆ ಬಂದ್ರೂ ಅಷ್ಟೇ ಗಾಳಿ. ಸ್ಕೂಬಾದಲ್ಲಿ ನೀರಿನ ಕೆಳಗೇ ಸಿಲಿಂಡರ್ ಗಾಳಿ ತಗೋತೀರಿ. ಹತ್ತು ಮೀಟರ್ ಕೆಳಗಿಂದ ಮೇಲೆ ಬರೋಷ್ಟರಲ್ಲಿ ಅದು ಎರಡರಷ್ಟಾಗುತ್ತೆ. ಬಾಯಿ ಮುಚ್ಚಿಕೊಂಡಿದ್ರೆ ನಿಮ್ಮ ಎದೇನೂ ಆ ಪ್ಯಾಕೆಟ್ಟೇ.”

“ಪ್ಯಾಕೆಟ್ ಬಾಯಿ ಬಿಚ್ಚಿದ್ರೆ?” ಜಯಶೀಲಾ ಕೇಳಿದರು.

“ಉಬ್ಬೋದೇ ಇಲ್ಲ ಚಿಕ್ಕಮ್ಮ! ಅದಕ್ಕೇ ನಿಲ್ಲಿಸದೆ ಉಸಿರಾಡ್ತಾ ಇರಬೇಕು. ನಿಧಾನಕ್ಕೆ ತಗೋಬೇಕು, ನಿಧಾನಕ್ಕೆ ಬಿಡಬೇಕು.”

ಮುರುಗೇಶಪ್ಪ ಎದ್ದು ಕೊಪ್ಪರಿಗೆಯ ನೀರನ್ನು ಕರಿಬೇವಿನ ಗಿಡಕ್ಕೆ ಚೆಲ್ಲಿದರು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬಿಪಿ, ಎದೆ, ಕಿವಿ ಎಲ್ಲ ತೋರಿಸಿ ಒಪ್ಪಿಗೆ ಪಡೆದು ಬಂದರು.

ಅಂಡಮಾನಿನ ಸಮುದ್ರದೊಳಗೆ ಜಯಶೀಲಾ ಕಣ್ಣರಳಿಸಿ ನೋಡಿದರು. ಹಳದಿ ಮೀನು, ನೀಲಿ ಮೀನು, ಪಟ್ಟೆ ಪಟ್ಟೆ ಮೀನು! ಅವರ ಉಸಿರು ಗುಳ್ಳೆಯಾಗಿ ಮೇಲಕ್ಕೆ ಹೋಗುತ್ತಿತ್ತು. ಗಂಡನ ಕಡೆ ತಿರುಗಿದರೆ, ಅಲ್ಲಿ ಗುಳ್ಳೆಯೇ ಇಲ್ಲ! ಕೆಳಗೆ ಏನನ್ನೋ ನೋಡುತ್ತಾ ಮುರುಗೇಶಪ್ಪ ಹಳೆಯ ಅಭ್ಯಾಸದಂತೆ ಉಸಿರು ಬಿಗಿ ಹಿಡಿದಿದ್ದರು. ಜಯಶೀಲಾ ಗಂಡನ ಕೈಯನ್ನು ಗಟ್ಟಿಯಾಗಿ ಹಿಸುಕಿ, ತಮ್ಮ ಬಾಯಿಯ ಗುಳ್ಳೆ ತೋರಿಸಿದರು. ತರಬೇತುದಾರರೂ ಸನ್ನೆ ಮಾಡಿದರು. ಬುಳುಬುಳು ಅಂತ ಗುಳ್ಳೆ ಬಂದವು. ಜಯಶೀಲಾ ಅವರಿಗೆ ಆಗ ಜೀವ ಬಂತು.

ದೋಣಿ ಹತ್ತಿದ ಮೇಲೆ ಮುರುಗೇಶಪ್ಪ ನಾಚಿಕೊಂಡೇ ಹೇಳಿದರು. “ಕೆಳಗೆ ಚಿಪ್ಪೊಂದು ಹೊಳೀತಿತ್ತು ಜಯಾ. ನಿನ್ನ ಓಲೆ ನೆನಪಾಯ್ತು. ಗೊತ್ತಿಲ್ದೇ ದಮ್ಮು ಕಟ್ಟಿಬಿಟ್ಟೆ.”

“ಓಲೆ ಹೋದ್ರೆ ಇನ್ನೊಂದು ಮಾಡಿಸ್ಕೋಬಹುದು ಕಣ್ರೀ,” ಎಂದ ಜಯಶೀಲಾ ಅವರ ಕಣ್ಣು ತುಂಬಿತು. “ನೀವು ಹೋದ್ರೆ ಏನ್ ಮಾಡ್ಲಿ?”

ನೀವೂ ಈ ರಜೆಗೆ ದ್ವೀಪಕ್ಕೆ ಹೊರಟಿದ್ದೀರಾ? ಖುಷಿಯಾಗಿ ಹೋಗಿ ಬನ್ನಿ. ಹೋಗುವ ಮುಂಚೆ ಡಾಕ್ಟರಿಗೆ ತೋರಿಸಿ. ಅಸ್ತಮಾ, ಹೃದಯದ ತೊಂದರೆ, ಒಂದು ನೆಗಡಿಯೇ ಇರಲಿ, ತರಬೇತುದಾರರಿಂದ ಮುಚ್ಚಿಡಬೇಡಿ. ಮುಳುಗಿದ ದಿನವೇ ವಿಮಾನ ಹತ್ತದೆ ಪೂರ್ತಿ ಒಂದು ದಿನ ಬಿಡಿ, ವಿಮಾನವೂ ಮುಳ್ಳಯ್ಯನಗಿರಿಯ ಹಾಗೆ ಎತ್ತರಕ್ಕೇ ಹೋಗುವುದು. ಊರಿನ ಹೊಳೆಯಲ್ಲಿ ನೀವೆಷ್ಟೇ ದೊಡ್ಡ ಈಜುಗಾರರಾಗಿರಿ, ಸಮುದ್ರದೊಳಗೆ ಉಸಿರು ಮಾತ್ರ ಬಿಗಿ ಹಿಡಿಯಬೇಡಿ. ನಿಮ್ಮ ಕೈ ಹಿಡಿದವರು ಪಕ್ಕದಲ್ಲೇ ನಿಮ್ಮ ಗುಳ್ಳೆ ನೋಡುತ್ತಾ ಇರುತ್ತಾರೆ.