ಮೋಹನದಾಸರ ವಾಲ್ಟ್ಸ್

"ಅಂಕಲ್, ಆಗೇ. ಪೀಛೇ ನಹೀ," ಮುಂದೆ ಬನ್ನಿ, ಹಿಂದಕ್ಕಲ್ಲ ಎಂದು ಡ್ಯಾನ್ಸ್ ಟೀಚರ್ ಅಶ್ಮಿತಾ ಮತ್ತೊಮ್ಮೆ ಹೇಳಿದಳು.

ವಾಲ್ಟ್ಸ್‌ನಲ್ಲಿ ಜೋಡಿಯಾಗಿ ಕುಣಿಯುವಾಗ ಗಂಡಸು ಎಡಗಾಲು ಮುಂದಿಟ್ಟರೆ ಹೆಂಗಸು ಬಲಗಾಲು ಹಿಂದಿಡಬೇಕು. ಮೋಹನದಾಸರು ಪ್ರತಿಸಲವೂ ಹಿಂದಕ್ಕೇ ಸರಿಯುತ್ತಿದ್ದರು. ಹೆಂಡತಿ ಜಲಜಾಕ್ಷಿಯೂ ಹಿಂದಕ್ಕೆ. ಎತ್ತು ಏರಿಗೆ, ಕೋಣ ನೀರಿಗೆ. ಮುಂಬಯಿ ಬಳಿಯ ವರ್ತಕ ನಗರದ ಆ ಹಾಲ್‌ನಲ್ಲಿ ಉಳಿದ ಜೋಡಿಗಳು ನಗು ನುಂಗಿಕೊಂಡವು.

"ನನ್ನಿಂದ ಆಗುದಿಲ್ಲ ಮಾರಾಯ್ತಿ. ನಾಳೆಯಿಂದ ನಾನು ಬರುದಿಲ್ಲ," ಎಂದರು ಮೋಹನದಾಸರು, ಕುತ್ತಿಗೆ ಒರೆಸಿಕೊಳ್ಳುತ್ತ.

ಜಲಜಾಕ್ಷಿಗೆ ಗೊತ್ತು, ಅವರು ಇಲ್ಲವೆಂದರೆ ಇಲ್ಲ. ಮದುವೆಗೆ ಮುಂಚೆ ಮುಂಬಯಿಯ ಯಕ್ಷಗಾನ ಮಂಡಳಿಯೊಂದರಲ್ಲಿ ಅವರ ಸ್ತ್ರೀವೇಷ ನೋಡಿಯೇ ಅವಳು ಮನಸೋತದ್ದು. 'ಹೋಟೆಲಿನ ಗಲ್ಲಾದಲ್ಲಿ ಕೂರುವವನಿಗೆ ಸೀರೆ ಯಾಕೆ' ಎಂದು ಅವರ ಅಣ್ಣ ಅಂದ ದಿನ ಗೆಜ್ಜೆ ಬಿಚ್ಚಿಟ್ಟವರು ಆಮೇಲೆ ಕುಣಿಯಲೇ ಇಲ್ಲ. ನೌಪಾಡಾದ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲಾದರೂ ಆ ಕುಣಿತ ಇನ್ನೊಮ್ಮೆ ನೋಡಬೇಕೆಂದು, ತನ್ನ ಮೊಣಕಾಲು ನೋವಿಗೆ ವ್ಯಾಯಾಮ ಬೇಕೆಂಬ ನೆಪ ಹೇಳಿ ಇಲ್ಲಿಗೆ ಎಳೆತಂದಿದ್ದಳು.

ಅಶ್ಮಿತಾ ಸಿ.ಡಿ. ಬದಲಿಸಿದಳು. ನೂರು ವರ್ಷದ ಹಿಂದೆ ಕೆಲವರು ಕಟ್ಟುಪಾಡಿನ ಹೆಜ್ಜೆ ಬಿಟ್ಟು, ಬರಿಗಾಲಲ್ಲಿ, ಉಸಿರಿನ ಜೊತೆ, ಮನಸ್ಸಿನಲ್ಲಿದ್ದುದನ್ನೇ ಕುಣಿದರಂತೆ. ಈಗ ಎಲ್ಲರೂ ಹಾಗೆ ಮಾಡಬೇಕಂತೆ.

"ಸ್ಟೆಪ್ಸ್ ಭೂಲ್ ಜಾಓ, ಅಂಕಲ್. ಕಿಸೀಕಾ ಇಂತಜಾರ್ ಕರ್ ರಹೇ ಹೋ, ಬಸ್."

ಹೆಜ್ಜೆ ಮರೆತು ಯಾರಿಗೋ ಕಾಯುವುದು ಮೋಹನದಾಸರಿಗೆ ಗೊತ್ತಿತ್ತು. ಬೂಟು ಬಿಚ್ಚಿದರು. ಕತ್ತು ತುಸು ಓರೆಯಾಯಿತು, ಬೆರಳುಗಳು ಇಲ್ಲದ ಸೆರಗನ್ನು ಹಿಡಿದವು. ಹೊಟ್ಟೆ ಬಂದ ಆ ಮನುಷ್ಯ ಕಿಟಕಿಯ ಸಂಜೆಬೆಳಕಿನಲ್ಲಿ, ಯಾರದೋ ದಾರಿ ನೋಡುತ್ತ ನಿಂತ ಹೆಣ್ಣಾಗಿಬಿಟ್ಟರು. ಹೊರಗಿನ ರಿಕ್ಷಾಗಳ ಸದ್ದು ನೀರಿನಡಿಯಿಂದ ಬಂದಂತೆ ಕೇಳಿಸಿತು. ಜಲಜಾಕ್ಷಿಗೆ ಕಣ್ಣು ತುಂಬಿತು, ಖುಷಿಗೇ. ಆ ಕಾಲುಗಳು ಕಲಿತದ್ದೇ ಹೆಣ್ಣಿನ ಹೆಜ್ಜೆ ಎಂಬುದು ಆಗ ಅವಳಿಗೆ ಹೊಳೆಯಿತು.

ವಾಲ್ಟ್ಸ್ ಮತ್ತೆ ಶುರುವಾದಾಗ ಅವರು ಮೆಲ್ಲಗೆ ಬಾಗಿಲ ಕಡೆ ಹೊರಟಿದ್ದರು. ಅವಳು ಹಿಂದೆಯೇ ಹೋಗಿ ಅವರ ಬೆನ್ನಿಗೆ ಕೈಯಿಟ್ಟಳು.

"ಹೀಗೆ ಹಿಡಿಯುದು ಗಂಡಸಲ್ವಾ?" ಎಂದರು ಅವರು.

"ಹೌದು. ನೀವು ಬನ್ನಿ."

"ಜನ ನೋಡ್ತಾರೆ, ಜಲಜಾ."

"ನೋಡ್ಲಿ. ನಾನು ಬಂದದ್ದೇ ನೋಡುದಕ್ಕೆ."

ಅವಳು ಎಡಗಾಲು ಮುಂದಿಟ್ಟಳು. ಮೋಹನದಾಸರು ಕಣ್ಣು ಮುಚ್ಚಿ, ಹಗುರವಾಗಿ, ಅವಳ ಕೈಯ ಜೊತೆಗೇ ತಿರುಗಿದರು. ತಿದ್ದಲು ಬಂದ ಅಶ್ಮಿತಾ ದಾರಿ ಬಿಟ್ಟು ನಿಂತಳು.