ಗಿಡ್ಡ ಲಿವರ್

“ಕಣ್ಣು ಮುಚ್ಚಿ ಮೇಡಂ,” ಎಂದ ಮೇಸ್ತ್ರಿ.

“ಮುಚ್ಚಿದೀನಲ್ಲ.”

“ಪೂರ್ತಿ ಮುಚ್ಚಬೇಕು. ರೆಪ್ಪೆ ಸಂದೀಲಿ ಇಣುಕೋದು ಎಲ್ರೂ ಮಾಡೋ ಕೆಲಸ. ನಾನು ನಿಮ್ಮ ಹತ್ರ ಬಂದು ಅರ್ಧ ಬಾಯಿ ತೆಗೆದ್ರೆ ನೀವು ಬಿಡ್ತೀರಾ?”

ಡಾಕ್ಟರಮ್ಮ ನಕ್ಕು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿದಳು. ಇಪ್ಪತ್ತಾರು ವರ್ಷಗಳಿಂದ ಊರಿನವರ ಹಲ್ಲು ಕೀಳುತ್ತ, ಕೊರೆಯುತ್ತ, ತುಂಬುತ್ತ ಬಂದಿದ್ದ ಆಕೆ ಈಗ ಗ್ಯಾರೇಜಿನ ಮೂಲೆಯಲ್ಲಿ ಕುಳ್ಳ ಸ್ಟೂಲೊಂದರ ಮೇಲೆ ಕೂತಿದ್ದಳು. ಎಡಗೈ ಪಕ್ಕದಲ್ಲಿ, ಮರದ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದ ಹಳೆಯ ಗೇರ್ ಬಾಕ್ಸ್. ಅದರ ಒಂದು ಮಗ್ಗುಲನ್ನು ಮೇಸ್ತ್ರಿ ಕತ್ತರಿಸಿ ತೆಗೆದಿದ್ದ. ಲಿವರ್ ಯಾವ ಗೇರಿಗೆ ಹೋಗಿ ಬಿತ್ತು ಎಂಬುದು ಆ ಕಡೆ ಕೂತವನಿಗೆ ಚೆನ್ನಾಗಿ ಕಾಣುತ್ತಿತ್ತು. ಹೊಸ ಲಿವರ್ ಕೊಳ್ಳಲು ಬಂದವರು ಎಂಥ ದೊಡ್ಡ ಮನುಷ್ಯರೇ ಇರಲಿ, ಮೊದಲು ಈ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಅವನು ಹೇಳಿದ ಗೇರ್ ಹಾಕಿ ತೋರಿಸಬೇಕು. ಸರಿಯಾಗಿ ಬಿದ್ದರೆ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ತಪ್ಪಿದರೆ ಒಂದು ಸೊನ್ನೆ. ಕಣ್ಣಿಗೆ ಚೆಂದ ಕಂಡದ್ದೆಲ್ಲ ಕೈಗೆ ಒಗ್ಗುವುದಿಲ್ಲ ಎಂಬುದು ಅವನ ವಾದ. ಈ ಶಾಲೆ ಪರೀಕ್ಷೆ ಯಾರಿಗೆ ಬೇಕು ಎಂದು ಗೊಣಗಿದ ಗಿರಾಕಿಗೆ ಬೇರೆ ಅಂಗಡಿಯ ದಾರಿಯನ್ನೂ ಅವನೇ ನಗುನಗುತ್ತ ಹೇಳಿಕೊಡುತ್ತಿದ್ದ.

ಮೇಜಿನ ಮೇಲೆ ಮೂರು ಲಿವರ್‌ಗಳಿದ್ದವು. ಕಾರಿನ ಜೊತೆ ಬಂದ ಲಿವರ್ ಉದ್ದ, ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗಲು ಕೈ ಅಷ್ಟು ದೂರ ಓಡಾಡಬೇಕು. ಇವು ಶಾರ್ಟ್ ಶಿಫ್ಟರ್‌ಗಳು, ಮಣಿಕಟ್ಟು ಅಲುಗಿಸಿದರೆ ಸಾಕು. ಮೊದಲನೆಯದು ತುಸು ಗಿಡ್ಡ, ಎರಡನೆಯದು ಇನ್ನೂ ಗಿಡ್ಡ. ಮೂರನೆಯದು ಹಿಡಿಯಷ್ಟೇ ಇತ್ತು, ಸ್ಪ್ರಿಂಗೂ ಬಲು ಬಿಗಿ. ಡಾಕ್ಟರಮ್ಮನ ಮನಸ್ಸಿದ್ದದ್ದು ಅದರ ಮೇಲೆ. ಒಂದು ವಾರದಿಂದ ರೋಗಿಗಳ ನಡುವೆ ಸಿಕ್ಕ ಐದೈದು ನಿಮಿಷದಲ್ಲಿ ಅದರ ವಿಷಯವನ್ನೇ ಓದಿದ್ದಳು.

ಕಾರು ಆಕೆಯ ಐವತ್ತನೇ ವಯಸ್ಸಿನ ಹುಚ್ಚು. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ ಕೆಂಪು ಕಾರು. ಗಂಡ ಅದನ್ನು ನೋಡಿದ ದಿನವೇ, “ಸರಿ ಹೋಯ್ತು, ಒಂದು ಸೀಟು ನಿಂಗೆ, ಇನ್ನೊಂದು ನಿನ್ನ ಹಟಕ್ಕೆ,” ಎಂದಿದ್ದ. ಹದಿನೈದು ದಿನದ ಹಿಂದೆ ಸೇತುವೆ ಇಳಿಯುವಾಗ ಆಕೆ ಐದರಿಂದ ನಾಲ್ಕಕ್ಕೆ ಇಳಿಸಲು ಹೋದರೆ ಲಿವರ್ ಎರಡಕ್ಕೆ ಬಿದ್ದಿತ್ತು. ಎಂಜಿನ್ ಕಿರುಚಿಕೊಂಡಿತು. ಹಿಂದಿನ ಚಕ್ರಗಳು ಹಿಡಿದು ಕಾರು ಅಡ್ಡಡ್ಡ ಜಾರಿ, ತಡೆಗೋಡೆಗೆ ಒಂದು ಮಾರು ಇರುವಂತೆ ನಿಂತಿತು. ಹಿಂದೆ ಬರುತ್ತಿದ್ದ ಲಾರಿಯವನು ಹೇಗೋ ತಪ್ಪಿಸಿಕೊಂಡು, ಆಕೆಯ ಹಿಂದಿನ ಏಳು ತಲೆಮಾರನ್ನೂ ಜಾಲಾಡಿ ಹೋದ. ಮನೆಗೆ ಬಂದು ಆಕೆ ಹೇಳಿದ್ದು ಒಂದೇ ಮಾತು: ಈ ಲಿವರ್ ಸರಿಯಿಲ್ಲ, ಬದಲಾಯಿಸಬೇಕು.

“ಮೂರು,” ಎಂದ ಮೇಸ್ತ್ರಿ. ಆಕೆ ಹಾಕಿದಳು. “ನಾಲ್ಕು. ಐದು. ನಾಲ್ಕು. ಮತ್ತೆ ಐದು. ನಾಲ್ಕು.”

ಕಟಕ್, ಕಟಕ್ ಎಂದು ಲೋಹ ಕೂಡಿಕೊಳ್ಳುವ ಸದ್ದಿಗೆ ಆಕೆಗೆ ಖುಷಿಯಾಯಿತು. ಕಣ್ಣು ಬಿಟ್ಟಾಗ ತಗಡಿನ ಮೇಲೆ ಗೆರೆಗಳ ನಡುವೆ ಎರಡು ಸೊನ್ನೆಗಳಿದ್ದವು.

“ಮೊದಲನೇ ಸಲ ಎಲ್ರಿಗೂ ಹಿಂಗೇ,” ಎಂದು ಮೇಸ್ತ್ರಿ ಲಿವರ್ ಬಿಚ್ಚಿ ಎರಡನೆಯದನ್ನು ಕೂರಿಸಿದ. ಅದರಲ್ಲಿ ಮೂರು ಸೊನ್ನೆ ಬಂದವು. ಆಕೆ ಗೋಡೆಯ ಗಡಿಯಾರ ನೋಡಿದಳು. ಎರಡೂವರೆ. ಮೂರು ಗಂಟೆಗೆ ಮಗಳು ಕ್ಲಿನಿಕ್ಕಿಗೆ ಬರುತ್ತಾಳೆ.

ಮಗಳಿಗೆ ಇಪ್ಪತ್ಮೂರು. ರೇಡಿಯೋದಲ್ಲಿ ಮಾತಾಡಿ ಸಂಬಳ ತೆಗೆದುಕೊಳ್ಳುವವಳು, ಮನೆಯಲ್ಲಿ ಪುಕ್ಕಟೆ ಮಾತಾಡುವವಳು. ಕೆಳದವಡೆಯ ಬುದ್ಧಿಹಲ್ಲು ಅಡ್ಡ ಮಲಗಿ ತಿಂಗಳಿಂದ ಕಾಡುತ್ತಿತ್ತು. ಎಕ್ಸ್‌ರೇ ನೋಡಿದಾಗಲೇ ತಾಯಿಗೆ ಕಂಡಿತ್ತು: ಹಲ್ಲಿನ ಬೇರಿಗೆ ಒತ್ತಿಕೊಂಡೇ ನರ. ಕೈ ಒಂದು ಕೂದಲೆಳೆ ತಪ್ಪಿದರೂ ಕೆಳತುಟಿಗೆ ಮತ್ತೆಂದೂ ಸ್ಪರ್ಶ ಬಾರದೆ ಹೋಗಬಹುದು. ಕ್ಲಿನಿಕ್ಕಿನಲ್ಲಿ ಆಕೆಯ ಜೊತೆ ಕೆಲಸ ಮಾಡುವ ಕಿರಿಯ ಡಾಕ್ಟರಿದ್ದ, ನಿಧಾನದ ಆಸಾಮಿ. ಅವನ ಹೆಸರೆತ್ತಿದರೆ ಮಗಳು, “ಬೇಡಮ್ಮ, ಅವ್ರು ಶುರು ಮಾಡಿದ್ರೆ ಮುಗಿಸೋ ಹೊತ್ತಿಗೆ ನಂಗೆ ಹೊಸ ಹಲ್ಲೇ ಬಂದಿರುತ್ತೆ. ನೀನೇ ತೆಗಿ,” ಎಂದಿದ್ದಳು. ತಾಯಿಗೆ ಹೆಮ್ಮೆಯಾಗಿತ್ತು.

ಆ ಹೆಮ್ಮೆಯ ಅಡಿಯಲ್ಲಿ ಇನ್ನೊಂದು ಸಂಗತಿ ಕೂತಿತ್ತು, ಯಾರಿಗೂ ಹೇಳದ್ದು. ನಾಲ್ಕು ದಿನದ ಹಿಂದೆ ನಿವೃತ್ತ ಮೇಷ್ಟ್ರೊಬ್ಬರ ಹಲ್ಲು ಕೊರೆಯುವಾಗ, ನಾಲಿಗೆಯನ್ನು ಸರಿಸಿ ಹಿಡಿದಿದ್ದ ಪುಟ್ಟ ಕನ್ನಡಿ ಜಾರಿ, ಡ್ರಿಲ್ಲು ನಾಲಿಗೆಯ ಅಂಚಿಗೆ ತಾಗಿತ್ತು. ಕನ್ನಡಿ ಇದ್ದದ್ದು ಎಡಗೈಯಲ್ಲಿ. ಹತ್ತಿ ಕಚ್ಚಿಕೊಂಡ ಮೇಷ್ಟ್ರು ತೊದಲುತ್ತ, “ನಾನೇ ಅಲ್ಲಾಡಿಬಿಟ್ಟೆ ಡಾಕ್ಟ್ರೇ, ಕ್ಷಮಿಸಿ,” ಎಂದಿದ್ದರು. ಅವರು ಅಲ್ಲಾಡಿರಲಿಲ್ಲ. “ಪರವಾಗಿಲ್ಲ ಬಿಡಿ,” ಎಂದು ಆಕೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದಳು. ಅದು ನೆನಪಾದಾಗಲೆಲ್ಲ ಆಕೆಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ.

“ಮೂರನೇದು ಹಾಕಿ. ನನಗೆ ಅದೇ ಬೇಕಾಗಿರೋದು,” ಎಂದಳು.

ಮೇಸ್ತ್ರಿ ಹಾಕಿದ. ಆಕೆ ಕಣ್ಣು ಮುಚ್ಚಿದಳು. ಈ ಸಲ ಅವನು ಬೇರೆ ಯಾವ ಗೇರನ್ನೂ ಕೇಳಲಿಲ್ಲ. ಐದು, ನಾಲ್ಕು. ಐದು, ನಾಲ್ಕು. ಐದು, ನಾಲ್ಕು. ಹತ್ತು ಸಲ ಆದ ಮೇಲೆ, “ಸಾಕು,” ಎಂದ. ತಗಡಿನ ಮೇಲೆ ಆರು ಸೊನ್ನೆಗಳಿದ್ದವು, ಆರೂ ಸಲ ನಾಲ್ಕರ ಬದಲು ಎರಡಕ್ಕೆ ಬಿದ್ದದ್ದು.

“ಇದು ಇನ್ನೂ ಹೊಸದು, ಕೈಗೆ ಹೊಂದ್ಕೋಬೇಕು,” ಎಂದಳು ಆಕೆ.

ಮೇಸ್ತ್ರಿ ಸೀಮೆಸುಣ್ಣ ಕೆಳಗಿಟ್ಟ. “ಮೇಡಂ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾಲ್ಕು ಇರೋದು ನಡುವೆ. ಕೈ ಬಿಟ್ರೆ ಲಿವರ್ ತಾನಾಗೇ ನಡುವೆ ಬಂದು ನಿಲ್ಲುತ್ತೆ. ಎರಡು ಇರೋದು ಆ ತುದೀಲಿ. ಅಲ್ಲಿಗೆ ಹೋಗ್ಬೇಕಂದ್ರೆ ಸ್ಪ್ರಿಂಗನ್ನ ಬೇಕು ಅಂತಲೇ ತಳ್ಳಬೇಕು. ಲಿವರ್ ಸಡಿಲ ಆಗಿದ್ರೆ ಗೇರ್ ಬೀಳದೇ ಇರಬಹುದು. ಎರಡಕ್ಕೆ ಹೋಗಿ ಬೀಳಲ್ಲ.”

“ಅಂದ್ರೆ?”

“ನೀವೇ ತಳ್ತಾ ಇದೀರಿ.”

“ನಾನೆಲ್ಲಿ ತಳ್ಳಿದೆ?”

“ನಾನು ಇಲ್ಲಿಂದ ನೋಡ್ತಾನೇ ಇದ್ದೆ. ಇದ್ರ ಸ್ಪ್ರಿಂಗು ಎಷ್ಟು ಬಿಗಿ ಅಂದ್ರೆ, ಕೆಲವರು ಬೆವರು ಸುರಿಸ್ತಾರೆ. ಅದು ನಿಮ್ಮನ್ನ ವಾಪಸ್ ತಳ್ತಾ ಇತ್ತು. ಗೊತ್ತೇ ಆಗ್ಲಿಲ್ವಾ?”

ಮೇಸ್ತ್ರಿ ಆಕೆಯ ಮುಖದಿಂದ ಲಿವರಿನ ತುದಿಯ ಗುಂಡಿನ ಕಡೆಗೆ ಕಣ್ಣು ಹೊರಳಿಸಿದವನು ಅಲ್ಲೇ ನಿಂತುಬಿಟ್ಟ.

“ಮೇಡಂ, ರಕ್ತ.”

ಲಿವರಿನ ಕುತ್ತಿಗೆಯಲ್ಲಿ ಉಜ್ಜದೆ ಬಿಟ್ಟ ಒಂದು ಅಂಚಿತ್ತು. ಅದು ಆಕೆಯ ಅಂಗೈಯ ಬದಿಯನ್ನು, ಕಿರುಬೆರಳಿನ ಕೆಳಗೆ, ಉದ್ದಕ್ಕೆ ಸೀಳಿತ್ತು. ರಕ್ತ ಮಣಿಕಟ್ಟಿಗೆ ಇಳಿದು ಅಂಗಿಯ ತೋಳನ್ನು ಒದ್ದೆ ಮಾಡಿತ್ತು. ಎಷ್ಟು ಹೊತ್ತಿನಿಂದಲೋ.

“ತಪ್ಪು ನಂದೇ, ಅಂಚು ನೋಡ್ಬೇಕಿತ್ತು,” ಎನ್ನುತ್ತ ಅವನು ಹತ್ತಿಯನ್ನೂ ಸ್ಪಿರಿಟ್ ಬಾಟಲಿಯನ್ನೂ ತಂದು ಆಕೆಯ ಕೈ ಹಿಡಿದುಕೊಂಡ. ಆಕೆ ತನ್ನ ರೋಗಿಗಳ ಹಾಗೆಯೇ ಮುಖ ಅತ್ತ ತಿರುಗಿಸಿದಳು.

“ಉರೀತಿದೆಯಾ?” ಎಂದು ಕೇಳಿದ.

“ಹೂಂ, ಉರೀತಿದೆ. ಪರವಾಗಿಲ್ಲ.”

ಅವನು ಇನ್ನೂ ತೆಗೆಯದ ಬಾಟಲಿಯ ಮುಚ್ಚಳ ನೋಡಿದ. ಆಮೇಲೆ ಮೆಲ್ಲಗೆ, “ನಾನಿನ್ನೂ ಹಾಕಿಲ್ಲ ಮೇಡಂ,” ಎಂದ.

ಅವಳಿಗೆ ಭಯವಾಯಿತು. ಸೇತುವೆಯ ಮೇಲೆ ಆದ ಭಯ ಬಂದು ಹೋದದ್ದು, ಇದು ಬಂದು ಕೂತುಬಿಟ್ಟಿತು. ಅವಳ ಅಪ್ಪನಿಗೂ ಬೆರಳಿನಿಂದಲೇ ಶುರುವಾಗಿತ್ತು. ಒಂದು ಬೆಳಗ್ಗೆ ಅಂಗಿಯ ಗುಂಡಿ ಹಾಕಲಾಗದೆ, ಅಂಗಿ ಹೊಲಿದವನನ್ನು ಬೈದಿದ್ದ. ಆಮೇಲೆ ಪೆನ್ನು ಸರಿಯಿಲ್ಲ, ಬೀಗ ಸರಿಯಿಲ್ಲ, ಲೋಟ ಜಾರುತ್ತೆ. ಒಂದು ವರ್ಷ ಮನೆಯ ಸಾಮಾನನ್ನೆಲ್ಲ ಬದಲಾಯಿಸಿದ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಭುಜದವರೆಗೆ ಕೈ ಸೋತಿತ್ತು. ಆಗ ಅಪ್ಪನ ಮೇಲೆ ಎಲ್ಲರಿಗಿಂತ ಜಾಸ್ತಿ ರೇಗಿದ್ದವಳು ಇವಳೇ. ಓದಿದವಳಲ್ಲವೇ.

“ಕತ್ತಿನ ನರ ಒತ್ತಿರಬಹುದು. ನಾವು ಹಲ್ಲಿನವರು ದಿನವಿಡೀ ಬಗ್ಗಿರ್ತೀವಿ. ತುಂಬ ಜನಕ್ಕೆ ಆಗುತ್ತೆ,” ಎಂದಳು. ಹೇಳುತ್ತಿದ್ದದ್ದು ಮೇಸ್ತ್ರಿಗಲ್ಲ.

“ಆಗಿರಬಹುದು. ತೋರಿಸಿಕೊಳ್ಳಿ.” ಅವನು ಪಟ್ಟಿ ಕಟ್ಟಿ ಮುಗಿಸಿ, ಲಿವರ್‌ಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕತೊಡಗಿದ.

“ಯಾಕೆ ಒಳಗಿಡ್ತಿದೀರಿ? ಮೂರನೇದು ನಂಗೆ ಬೇಕು ಅಂದೆನಲ್ಲ.”

“ಯಾವುದನ್ನೂ ಹಾಕಲ್ಲ ಮೇಡಂ. ಕಾರೂ ಇಲ್ಲೇ ಇರಲಿ.”

“ನೀವೇನು ಡಾಕ್ಟರಾ?” ದನಿ ಅವಳಿಗೇ ಕೇಳುವಷ್ಟು ಒರಟಾಗಿತ್ತು.

“ಅಲ್ಲ ಮೇಡಂ. ನಂಗೆ ಗೊತ್ತಿರೋದು ಗೇರ್ ಬಾಕ್ಸ್ ಒಂದೇ. ಇದ್ರಲ್ಲಿ ಏನೂ ಕೆಟ್ಟಿಲ್ಲ.”

ಬಾಡಿಗೆ ಕಾರಿನಲ್ಲಿ ಕ್ಲಿನಿಕ್ಕಿಗೆ ಹೋಗುವ ದಾರಿಯುದ್ದಕ್ಕೂ ಅವಳು ಎಡಗೈಯ ಬೆರಳುಗಳನ್ನು ಬಲಗೈಯಿಂದ ಚಿವುಟುತ್ತ ಕೂತಳು. ಹೆಬ್ಬೆರಳು ನೋಯುತ್ತಿತ್ತು, ತೋರುಬೆರಳೂ ನಡುಬೆರಳೂ ನೋಯುತ್ತಿದ್ದವು; ಕೊನೆಯ ಎರಡಕ್ಕೆ ಚಿವುಟಿದ್ದೇ ತಿಳಿಯಲಿಲ್ಲ. ಮೂರು ಬೆರಳು ನೆಟ್ಟಗಿವೆ, ಸಾಕಲ್ಲ, ಎಂದುಕೊಂಡಳು. ಹಲ್ಲು ತೆಗೆಯುವುದು ಬಲಗೈ. ಎಡಗೈ ಬರೀ ಕೆನ್ನೆ ಸರಿಸಿ ಹಿಡಿಯಬೇಕು, ಅದನ್ನು ಕಣ್ಣಿಟ್ಟು ನೋಡಿಕೊಂಡರಾಯಿತು. ಇವತ್ತೊಂದು ದಿನ. ನಾಳೆಯೇ ಹೋಗಿ ತೋರಿಸಿಕೊಳ್ಳುತ್ತೇನೆ. ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಮೇಷ್ಟ್ರ ನಾಲಿಗೆ ಕಣ್ಣ ಮುಂದೆ ಬಂತು.

ಮಗಳು ಆಗಲೇ ಕುರ್ಚಿಯಲ್ಲಿ ಮಲಗಿದ್ದಳು, ಕೊರಳಿಗೆ ಕಾಗದದ ಎದೆಬಟ್ಟೆ ಕಟ್ಟಿಸಿಕೊಂಡು.

“ತಡ ಮಾಡಿದೆಯಲ್ಲಮ್ಮ, ಭಯಕ್ಕೆ ನಂಗೆ ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದಾಯ್ತು. ಕೈಗೇನಾಯ್ತು?”

“ಗ್ಯಾರೇಜಲ್ಲಿ ತರಚಿತು. ಬಾಯಿ ತೆಗಿ.”

“ನೋಯಿಸಬೇಡ, ಆಯ್ತಾ?”

“ನಿನ್ನ ಹೆರುವಾಗ ನೀನು ನಂಗೆ ಈ ಮಾತು ಕೊಟ್ಟಿದ್ಯಾ? ತೆಗಿ.”

ನರ್ಸ್ ನಕ್ಕಳು. ಮಗಳೂ ನಕ್ಕು ಬಾಯಿ ತೆರೆದಳು. ಡಾಕ್ಟರಮ್ಮ ಕೈಗವಸು ಹಾಕಿಕೊಂಡು, ಬಲಗೈಗೆ ಸಿರಿಂಜ್ ತೆಗೆದುಕೊಂಡು, ಎಡಗೈಯಿಂದ ಕೆನ್ನೆಯನ್ನು ಹೊರಕ್ಕೆಳೆದು ಹಿಡಿದಳು. ಹೆಬ್ಬೆರಳಿಗೂ ತೋರುಬೆರಳಿಗೂ ಬಾಯಿಯ ಬಿಸಿ ತಿಳಿಯುತ್ತಿತ್ತು. ಅವಳು ಆ ಎರಡು ಬೆರಳನ್ನೇ ದಿಟ್ಟಿಸುತ್ತ ಸೂಜಿಯನ್ನು ಹತ್ತಿರ ತಂದಳು. ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಆಗುತ್ತೆ, ಎಂದುಕೊಂಡಳು.

“ಆಂ,” ಎಂದಳು ಮಗಳು. “ಆಂ! ಆಂ!”

“ಇನ್ನೂ ಚುಚ್ಚೇ ಇಲ್ಲ ಕಣೇ.”

ಮಗಳ ಕಣ್ಣಿನಲ್ಲಿ ನೀರು ತುಂಬಿತ್ತು. ಅವಳ ಕೈ ಮೇಲೆದ್ದು ತಾಯಿಯ ಎಡಗೈಯನ್ನು ತೋರಿಸುತ್ತಿತ್ತು. ಡಾಕ್ಟರಮ್ಮ ನೋಡಿದಳು. ತಾನು ನೋಡದೆ ಬಿಟ್ಟಿದ್ದ ಕೊನೆಯ ಎರಡು ಬೆರಳುಗಳು ಮಗಳ ಕೊರಳಿನ ಮೆದು ಭಾಗದಲ್ಲಿ, ದವಡೆಯ ಮೂಳೆಯ ಅಡಿಗೆ, ಗೆಣ್ಣಿನವರೆಗೂ ಹೂತುಹೋಗಿದ್ದವು.

ಕೈ ತೆಗೆದ ಮೇಲೂ ಅಲ್ಲಿ ಎರಡು ಕೆಂಪು ಗುರುತು ಉಳಿದವು. “ಉಸಿರೇ ನಿಂತುಹೋಯ್ತಲ್ಲೇ ಅಮ್ಮ,” ಎಂದು ಮಗಳು ಕೆಮ್ಮಿದಳು. “ಅಷ್ಟು ಒತ್ತಬೇಕಾ?”

ಡಾಕ್ಟರಮ್ಮ ಸಿರಿಂಜನ್ನು ತಟ್ಟೆಯಲ್ಲಿಟ್ಟಳು. ನರ್ಸಿನ ಕಡೆ ತಿರುಗಿ, “ಅವ್ರನ್ನ ಕರೀರಿ,” ಎಂದಳು.

“ಯಾರನ್ನ? ಬೇಡಮ್ಮಾ! ನೀನೇ ಮಾಡು, ನಾನು ಅಲ್ಲಾಡಲ್ಲ, ಆಣೆ.”

“ನೀನು ಅಲ್ಲಾಡಲಿಲ್ಲ ಪುಟ್ಟಿ. ನನ್ನ ಕೈ ಸರಿಯಿಲ್ಲ.”

ಆ ಮಾತನ್ನು ಅವಳು ಮೊದಲ ಸಲ ಬಾಯಿಬಿಟ್ಟು ಆಡಿದ್ದಳು. ಮಗಳು ತಾಯಿಯ ಮುಖವನ್ನೇ ನೋಡಿದಳು, ಆಮೇಲೆ ಏನನ್ನೂ ಕೇಳದೆ ಹಿಂದಕ್ಕೆ ಒರಗಿದಳು. ಅಷ್ಟು ಮಾತಿನ ಹುಡುಗಿ ಸುಮ್ಮನಾದದ್ದು ತಾಯಿಯನ್ನು ಇನ್ನಷ್ಟು ಹೆದರಿಸಿತು.

ಕಿರಿಯ ಡಾಕ್ಟರ್ ಬಂದ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತನಗೆ ರೂಢಿಯಿದ್ದಷ್ಟು ನಿಧಾನವಾಗಿ ನೋಡಿದ. ಯಾವಾಗಲೂ ಆ ನಿಧಾನಕ್ಕೆ ಹಲ್ಲು ಕಡಿಯುತ್ತಿದ್ದ ಡಾಕ್ಟರಮ್ಮ ಇವತ್ತು, “ಅವಸರ ಮಾಡ್ಬೇಡಿ. ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ,” ಎಂದಳು. “ನೀವು?” ಎಂದು ಅವನು ಕೇಳಿದ. “ನಾನು ಇಲ್ಲೇ ಕೂತಿರ್ತೀನಿ,” ಎಂದು ಅವಳು ಕೈಗವಸು ಕಳಚಿದಳು.

ರೋಗಿಯ ಕಡೆಯವರು ಕೂರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಅಲ್ಲಿಂದ ಮಗಳ ಗದ್ದ ಮತ್ತು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಚುಚ್ಚಿದ್ದಾಯಿತು, ಮರಗಟ್ಟಲು ಕಾದದ್ದೂ ಆಯಿತು. ಡ್ರಿಲ್ಲಿನ ಸದ್ದು ಶುರುವಾದಾಗ ಮಗಳು ಕಣ್ಣು ಬಿಗಿಯಾಗಿ ಮುಚ್ಚಿ, ಪಕ್ಕಕ್ಕೆ ಕೈ ಚಾಚಿ ತಡಕಾಡಿದಳು. ಸಿಕ್ಕಿದ್ದು ತಾಯಿಯ ಎಡಗೈಯ ಕೊನೆಯ ಎರಡು ಬೆರಳು. ಅವನ್ನೇ ಹಿಡಿದುಕೊಂಡಳು.

ಮಗಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆಂದು ತಿಳಿಯಲು ತಾಯಿ ತಲೆ ತಗ್ಗಿಸಿ ನೋಡಿದಳು. ಮಗಳ ಗೆಣ್ಣುಗಳು ನಾಲ್ಕೂ ಬಿಳಿಚಿಕೊಂಡಿದ್ದವು.